ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊ: ದೂರ ಬದಲಾಗದಿದ್ದರೂ ಹಾರುವ ಹೊತ್ತು ಏಕೆ ಬದಲಾಗುತ್ತದೆ?

ಮಕ್ಕಳು ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿರುವ ತಂದೆತಾಯಿಯರು ಬೆಂಗಳೂರಿನ ಯಾವ ಬಡಾವಣೆಗೆ ಹೋದರೂ ಸಿಗುತ್ತಾರೆ. ಬಾಣಂತನಕ್ಕೆಂದೋ ಮೊಮ್ಮಕ್ಕಳನ್ನು ನೋಡಲೆಂದೋ ಹೊರಡುವ ಇವರು ಮೊದಲೆಲ್ಲ ಕೇಳುತ್ತಿದ್ದುದು ವೀಸಾ ಬಗ್ಗೆ, ಪೆಟ್ಟಿಗೆಯ ತೂಕದ ಬಗ್ಗೆ, ಚಟ್ನಿಪುಡಿ ಒಯ್ಯಬಹುದೇ ಎಂಬುದರ ಬಗ್ಗೆ. ಈಗ ಇನ್ನೊಂದು ಪ್ರಶ್ನೆ ಸೇರಿಕೊಂಡಿದೆ: ವಿಮಾನದಲ್ಲಿ ಎಷ್ಟು ಹೊತ್ತು ಕೂರಬೇಕು? ಒಬ್ಬರು ಹದಿನಾರು ಗಂಟೆ ಎನ್ನುತ್ತಾರೆ, ಮತ್ತೊಬ್ಬರು ಹದಿನೇಳೂವರೆ ಎನ್ನುತ್ತಾರೆ, ಮೂರನೆಯವರ ಟಿಕೆಟ್‌ನಲ್ಲಿ ಇಪ್ಪತ್ತೆರಡು ಎಂದಿರುತ್ತದೆ. ಊರು ಅದೇ, ದೂರವೂ ಅದೇ. ಹಾಗಿದ್ದರೆ ಯಾರ ಲೆಕ್ಕ ಸರಿ?

ಈ ಪ್ರಶ್ನೆಗೆ ಇತ್ತೀಚೆಗೆ ಹೆಚ್ಚು ಮಹತ್ವ ಬಂದದ್ದಕ್ಕೆ ಕಾರಣವಿದೆ. 2025ರ ಏಪ್ರಿಲ್ 24ರಂದು ಪಾಕಿಸ್ತಾನವು ತನ್ನ ವಾಯುಪ್ರದೇಶವನ್ನು ಭಾರತದ ವಿಮಾನಗಳಿಗೆ ಮುಚ್ಚಿತು. ಅದೇ ತಿಂಗಳ ಕೊನೆಯಲ್ಲಿ ಭಾರತವೂ ಪಾಕಿಸ್ತಾನದ ವಿಮಾನಗಳಿಗೆ ಬಾಗಿಲು ಹಾಕಿತು. ಭಾರತದಿಂದ ಉತ್ತರ ಅಮೆರಿಕಕ್ಕೆ ಹೊರಟ ಕೆಲವು ವಿಮಾನಗಳು ನಡುದಾರಿಯಲ್ಲಿ ವಿಯೆನ್ನಾದಲ್ಲೋ ಕೋಪನ್‌ಹೇಗನ್‌ನಲ್ಲೋ ಇಳಿದು ಇಂಧನ ತುಂಬಿಸಿಕೊಳ್ಳಬೇಕಾಯಿತು. ನೆಲದ ಮೇಲಿನ ಗಡಿಜಗಳ ಆಕಾಶದಲ್ಲಿ ಕೂತವರ ಗಂಟೆಗಳನ್ನು ನುಂಗುವುದು ಹೇಗೆ ಎಂದು ತಿಳಿಯಬೇಕಾದರೆ ದೂರ ಎಂದರೇನು ಎಂಬಲ್ಲಿಂದಲೇ ಆರಂಭಿಸಬೇಕು.

ದೂರ ಎಂದರೆ ಯಾವ ದೂರ?

ದೇವನಹಳ್ಳಿಯ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣದಿಂದ ಸ್ಯಾನ್ ಫ್ರಾನ್ಸಿಸ್ಕೊ ವಿಮಾನ ನಿಲ್ದಾಣಕ್ಕೆ ಸುಮಾರು 13,990 ಕಿಲೋಮೀಟರ್. ಭೂಮಿಯ ಸುತ್ತಳತೆ ಸುಮಾರು 40,000 ಕಿಲೋಮೀಟರ್ ಆಗಿರುವುದರಿಂದ, ಜಗತ್ತಿನ ಯಾವ ಎರಡು ಊರುಗಳ ನಡುವೆಯೂ 20,000 ಕಿಲೋಮೀಟರಿಗಿಂತ ಬಹಳ ಹೆಚ್ಚಿನ ಅಂತರ ಇರಲು ಸಾಧ್ಯವಿಲ್ಲ. ಆ ಅಳತೆಯಲ್ಲಿ ನೋಡಿದರೆ ಬೆಂಗಳೂರು ಮತ್ತು ಸ್ಯಾನ್ ಫ್ರಾನ್ಸಿಸ್ಕೊ ಜಗತ್ತಿನ ಎರಡು ತುದಿಗಳಿಗೆ ಹತ್ತಿರದಲ್ಲೇ ಇವೆ.

ಈ ಅಂಕಿಯನ್ನು ಯಾರೂ ವಿಮಾನ ಓಡಿಸಿ ಅಳೆದದ್ದಲ್ಲ. ಎರಡು ನಿಲ್ದಾಣಗಳ ಅಕ್ಷಾಂಶ ಮತ್ತು ರೇಖಾಂಶಗಳನ್ನು ಹಿಡಿದು, ಭೂಮಿಯ ಮೇಲ್ಮೈಯಲ್ಲಿ ಅವುಗಳ ನಡುವಿನ ಅತಿ ಚಿಕ್ಕ ದಾರಿ ಎಷ್ಟು ಎಂದು ಗಣಿತದಿಂದ ಕಂಡುಕೊಂಡದ್ದು. ಬೇರೆ ಬೇರೆ ಜಾಲತಾಣಗಳು ಬೇರೆ ಬೇರೆ ಸಂಖ್ಯೆ ತೋರಿಸುವುದಕ್ಕೆ ಕಾರಣಗಳು ಸರಳ. ಭೂಮಿ ಪೂರ್ತಿ ದುಂಡಗಿಲ್ಲ, ಧ್ರುವಗಳಲ್ಲಿ ತುಸು ಚಪ್ಪಟೆ. ಕೆಲವರು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ, ಕೆಲವರು ಬಿಡುತ್ತಾರೆ. ಕೆಲವರು ವಿಮಾನ ನಿಲ್ದಾಣದಿಂದ ಅಳೆದರೆ ಕೆಲವರು ನಗರದ ನಡುಭಾಗದಿಂದ ಅಳೆಯುತ್ತಾರೆ. ಬೆಂಗಳೂರಿನಲ್ಲಿ ಇವೆರಡರ ನಡುವೆಯೇ ಸುಮಾರು ಮೂವತ್ತು ಕಿಲೋಮೀಟರ್ ಇದೆ.

ಇನ್ನು ಅಳತೆಯ ಮಾನ. ಇದೇ ದೂರ ಮೈಲಿಯಲ್ಲಿ ಸುಮಾರು 8,700, ವಿಮಾನಯಾನದವರು ಬಳಸುವ ನಾಟಿಕಲ್ ಮೈಲಿಯಲ್ಲಿ ಸುಮಾರು 7,550. ಒಂದು ನಾಟಿಕಲ್ ಮೈಲಿ ಎಂದರೆ 1.852 ಕಿಲೋಮೀಟರ್. ಈ ವಿಚಿತ್ರ ಅಳತೆ ಭೂಮಿಯಿಂದಲೇ ಬಂದದ್ದು: ಒಂದು ಅಕ್ಷಾಂಶವನ್ನು ಅರವತ್ತು ಭಾಗ ಮಾಡಿದರೆ ಸಿಗುವ ಒಂದು ಭಾಗದ ಉದ್ದ ಅದು. ಆಸನದ ಮುಂದಿನ ಪರದೆಯಲ್ಲಿ ಅಂಕಿ ಕಂಡಾಗ ಅದು ಯಾವ ಮಾನದಲ್ಲಿದೆ ಎಂದು ಮೊದಲು ನೋಡಿಕೊಳ್ಳುವುದು ಒಳ್ಳೆಯದು.

ಗೋಡೆಯ ನಕ್ಷೆ ತೋರಿಸದ ದಾರಿ

ಶಾಲೆಯ ಗೋಡೆಯಲ್ಲಿ ನೇತುಹಾಕಿದ ವಿಶ್ವನಕ್ಷೆಯಲ್ಲಿ ಬೆಂಗಳೂರಿಗೂ ಸ್ಯಾನ್ ಫ್ರಾನ್ಸಿಸ್ಕೊಗೂ ಅಡಿಪಟ್ಟಿ ಇಟ್ಟು ಪೂರ್ವದ ಕಡೆಗೆ ಗೆರೆ ಎಳೆದರೆ, ಅದು ಬಂಗಾಳ ಕೊಲ್ಲಿ, ಥಾಯ್ಲೆಂಡ್, ದಕ್ಷಿಣ ಚೀನಾ ಸಮುದ್ರಗಳನ್ನು ದಾಟಿ ಪೆಸಿಫಿಕ್ ಸಾಗರದ ಉದ್ದಕ್ಕೂ ಹೋಗುತ್ತದೆ. ನೋಡುವುದಕ್ಕೆ ಅದೇ ನೇರ ದಾರಿ. ಆದರೆ ಆ ಗೆರೆಯ ಉದ್ದ ಸುಮಾರು 16,100 ಕಿಲೋಮೀಟರ್. ಅತಿ ಚಿಕ್ಕ ದಾರಿಗಿಂತ ಎರಡು ಸಾವಿರ ಕಿಲೋಮೀಟರಿಗೂ ಹೆಚ್ಚು.

ಇದು ನಂಬಲು ಕಷ್ಟವಾದರೆ ಮನೆಯಲ್ಲಿರುವ ಭೂಗೋಳವನ್ನು ಕೈಗೆತ್ತಿಕೊಳ್ಳಿ. ಒಂದು ದಾರದ ತುದಿಯನ್ನು ಬೆಂಗಳೂರಿನ ಮೇಲೆ ಬೆರಳಿನಿಂದ ಒತ್ತಿ ಹಿಡಿದು, ಇನ್ನೊಂದು ತುದಿಯನ್ನು ಸ್ಯಾನ್ ಫ್ರಾನ್ಸಿಸ್ಕೊ ಮೇಲಿಟ್ಟು ಬಿಗಿಯಾಗಿ ಎಳೆಯಿರಿ. ದಾರ ಪೂರ್ವಕ್ಕೆ ಹೋಗುವುದಿಲ್ಲ. ತಾನಾಗಿಯೇ ಜಾರಿ ಉತ್ತರಕ್ಕೆ ಏರುತ್ತದೆ. ಮಧ್ಯ ಭಾರತ, ನೇಪಾಳ, ಟಿಬೆಟ್, ಮಂಗೋಲಿಯ, ಸೈಬೀರಿಯಗಳನ್ನು ಹಾದು, ರಷ್ಯಾದ ಈಶಾನ್ಯ ಅಂಚಿನ ಹಿಮಸಮುದ್ರವನ್ನು ಮುಟ್ಟಿ, ಅಲಾಸ್ಕದ ಮೇಲೆ ಬಾಗಿ ಕ್ಯಾಲಿಫೋರ್ನಿಯಾಕ್ಕೆ ಇಳಿಯುತ್ತದೆ. ಈ ದಾರಿ ಏರುವ ಅತ್ಯುನ್ನತ ಅಕ್ಷಾಂಶ ಸುಮಾರು 71 ಡಿಗ್ರಿ ಉತ್ತರ.

ದುಂಡಗಿನ ಮೇಲ್ಮೈಯಲ್ಲಿ ಅತಿ ಚಿಕ್ಕದಾದ ಈ ದಾರಿಯನ್ನು ಮಹಾವೃತ್ತದ ದಾರಿ ಎನ್ನುತ್ತಾರೆ. ಭೂಮಿಯನ್ನು ಸರಿಯಾಗಿ ಎರಡು ಸಮಪಾಲಾಗಿ ಕತ್ತರಿಸುವ ಯಾವುದೇ ವೃತ್ತ ಮಹಾವೃತ್ತವೇ. ಸಮಭಾಜಕ ವೃತ್ತ ಅದಕ್ಕೊಂದು ಉದಾಹರಣೆ. ಗೋಡೆಯ ನಕ್ಷೆ ಮೋಸ ಮಾಡುವುದು ಏಕೆಂದರೆ ದುಂಡಗಿನ ಮೇಲ್ಮೈಯನ್ನು ಚಪ್ಪಟೆ ಕಾಗದಕ್ಕೆ ಇಳಿಸಬೇಕಾದರೆ ಎಲ್ಲಾದರೂ ಹಿಗ್ಗಿಸಲೇಬೇಕು. ನಮ್ಮ ನಕ್ಷೆಗಳಲ್ಲಿ ಹಿಗ್ಗುವುದು ಧ್ರುವಗಳ ಬಳಿಯ ಭಾಗ. ವಾಸ್ತವದಲ್ಲಿ ಅಲ್ಲಿ ರೇಖಾಂಶಗಳು ಒಂದಕ್ಕೊಂದು ಹತ್ತಿರ ಸರಿದು ಕೊನೆಗೆ ಒಂದೇ ಬಿಂದುವಿನಲ್ಲಿ ಸೇರುತ್ತವೆ. ಆದ್ದರಿಂದ ಉತ್ತರಕ್ಕೆ ಏರಿ ಹೋದವರಿಗೆ ಪೂರ್ವ ಪಶ್ಚಿಮದ ಅಂತರ ಬೇಗ ಸವೆಯುತ್ತದೆ. ವಿಮಾನದ ಪರದೆಯಲ್ಲಿ ದಾರಿ ಬಿಲ್ಲಿನಂತೆ ಬಾಗಿ ಕಾಣುವುದು ಇದಕ್ಕೇ. ವಿಮಾನ ಬಾಗಿ ಹೋಗುತ್ತಿಲ್ಲ, ನಕ್ಷೆ ಬಾಗಿಸಿ ತೋರಿಸುತ್ತಿದೆ.

ಅತಿ ಚಿಕ್ಕ ದಾರಿಯಲ್ಲಿ ಏಕೆ ಹೋಗುವುದಿಲ್ಲ?

ದಾರ ತೋರಿಸಿದ ದಾರಿಯಲ್ಲೇ ಹಾರಿದರೆ ಮುಗಿಯಿತಲ್ಲ ಎನ್ನಿಸುವುದು ಸಹಜ. ಆದರೆ ಹೊರಟ ಎರಡು ಮೂರು ಗಂಟೆಗಳಲ್ಲೇ ಮೊದಲ ಅಡ್ಡಿ ಎದುರಾಗುತ್ತದೆ: ಹಿಮಾಲಯ ಮತ್ತು ಅದರ ಆಚೆಗಿನ ಟಿಬೆಟ್ ಪ್ರಸ್ಥಭೂಮಿ.

ವಿಮಾನ ಹತ್ತು ಹನ್ನೊಂದು ಕಿಲೋಮೀಟರ್ ಎತ್ತರದಲ್ಲಿ ಹಾರುವುದರಿಂದ ಶಿಖರಗಳು ತಾಗುವ ಭಯವಿಲ್ಲ. ಭಯ ಇರುವುದು ಬೇರೆ ಕಡೆ. ಅಷ್ಟು ಎತ್ತರದ ಗಾಳಿಯಲ್ಲಿ ಮನುಷ್ಯ ಉಸಿರಾಡಲಾರ. ಒಳಗಿನ ಗಾಳಿಯ ಒತ್ತಡವನ್ನು ಯಂತ್ರಗಳು ಕಾಯ್ದುಕೊಳ್ಳುತ್ತವೆ. ಅಪರೂಪಕ್ಕೆ ಆ ಒತ್ತಡ ಕಳೆದುಹೋದರೆ ಮೇಲಿನಿಂದ ಆಮ್ಲಜನಕದ ಮುಖವಾಡಗಳು ಕೆಳಗೆ ಬೀಳುತ್ತವೆ. ಬಹುತೇಕ ವಿಮಾನಗಳಲ್ಲಿ ಪ್ರಯಾಣಿಕರಿಗೆ ಅವು ಆಮ್ಲಜನಕ ಕೊಡುವುದು ಹದಿನೈದು ನಿಮಿಷದ ಆಸುಪಾಸು ಮಾತ್ರ. ಅಷ್ಟರೊಳಗೆ ಪೈಲಟ್ ಹತ್ತು ಸಾವಿರ ಅಡಿಗೆ, ಅಂದರೆ ಸುಮಾರು ಮೂರು ಕಿಲೋಮೀಟರ್ ಎತ್ತರಕ್ಕೆ ವಿಮಾನವನ್ನು ಇಳಿಸಬೇಕು. ಟಿಬೆಟ್‌ನಲ್ಲಿ ನೆಲವೇ ನಾಲ್ಕೂವರೆ ಕಿಲೋಮೀಟರ್ ಎತ್ತರದಲ್ಲಿದೆ. ಇಳಿಯಲು ಜಾಗವಿಲ್ಲ. ಆದ್ದರಿಂದ ವಿಮಾನಗಳು ಸಾಮಾನ್ಯವಾಗಿ ಆ ಪ್ರದೇಶವನ್ನು ಬಿಟ್ಟು ಸುತ್ತಿಕೊಂಡೇ ಹೋಗುತ್ತವೆ. ನನ್ನ ಮಟ್ಟಿಗೆ, ಸುತ್ತುದಾರಿಗಳಲ್ಲೆಲ್ಲ ಪ್ರಯಾಣಿಕ ಮನಃಪೂರ್ವಕವಾಗಿ ಒಪ್ಪಿಕೊಳ್ಳಬೇಕಾದ ಸುತ್ತುದಾರಿ ಇದು.

ಎರಡನೆಯ ಅಡ್ಡಿ ದೇಶಗಳದ್ದು. ಪ್ರತಿಯೊಂದು ದೇಶಕ್ಕೂ ತನ್ನ ನೆಲದ ಮೇಲಿನ ಆಕಾಶದ ಮೇಲೆ ಹಕ್ಕಿದೆ. ಅದನ್ನು ಹಾದುಹೋಗುವ ವಿಮಾನ ಅನುಮತಿ ಪಡೆಯಬೇಕು, ವಿಮಾನದ ತೂಕ ಮತ್ತು ಕ್ರಮಿಸಿದ ದೂರ ನೋಡಿ ನಿಗದಿಯಾದ ಶುಲ್ಕವನ್ನೂ ಕೊಡಬೇಕು. ಉಕ್ರೇನ್ ಯುದ್ಧ ಆರಂಭವಾದ 2022ರ ಫೆಬ್ರವರಿ 24ರಿಂದ ಆ ದೇಶದ ಆಕಾಶ ನಾಗರಿಕ ವಿಮಾನಗಳಿಗೆ ಮುಚ್ಚಿದೆ. ಅದರ ಬೆನ್ನಿಗೇ ರಷ್ಯಾ ಮತ್ತು ಪಶ್ಚಿಮದ ದೇಶಗಳು ಪರಸ್ಪರರ ವಿಮಾನಗಳಿಗೆ ಆಕಾಶವನ್ನು ಮುಚ್ಚಿಕೊಂಡವು. ಭಾರತದ ವಿಮಾನಗಳಿಗೆ ರಷ್ಯಾದ ಮೇಲೆ ಹಾರಲು ಅವಕಾಶ ಉಳಿಯಿತು, ಅಮೆರಿಕದ ವಿಮಾನಗಳಿಗೆ ಇಲ್ಲವಾಯಿತು. ಒಂದೇ ಎರಡು ಊರುಗಳ ನಡುವೆ ಬೇರೆ ಬೇರೆ ದೇಶಗಳ ವಿಮಾನಗಳು ಬೇರೆ ಬೇರೆ ದಾರಿ ಹಿಡಿಯಬೇಕಾದ ಪರಿಸ್ಥಿತಿ ಹುಟ್ಟಿದ್ದು ಹೀಗೆ.

ಬೆಂಗಳೂರು–ಲಂಡನ್ ದಾರಿಯಲ್ಲಿ ಇದು ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ಅತಿ ಚಿಕ್ಕ ದಾರಿ ಸುಮಾರು 8,050 ಕಿಲೋಮೀಟರ್. ಅದೇ ದಾರವನ್ನು ಈ ಎರಡು ಊರುಗಳ ನಡುವೆ ಎಳೆದು ನೋಡಿ: ಸೌರಾಷ್ಟ್ರ ದಾಟಿ ಕರಾಚಿಯ ಹತ್ತಿರ ಹಾಯುತ್ತದೆ, ಇರಾನ್ ಮೇಲೆ ಹೋಗಿ ಕ್ಯಾಸ್ಪಿಯನ್ ಸಮುದ್ರದ ದಕ್ಷಿಣ ಭಾಗವನ್ನು ದಾಟುತ್ತದೆ, ಮುಂದೆ ಉಕ್ರೇನ್ ಮೂಲಕ ಯುರೋಪ್ ಸೇರುತ್ತದೆ. ಒಂದೇ ದಾರದ ಮೇಲೆ ಎರಡು ಕಡೆ ಬೀಗ. ಭಾರತದ ವಿಮಾನ ಮೊದಲು ಅರಬ್ಬೀ ಸಮುದ್ರದ ಕಡೆಗೆ ಸರಿಯಬೇಕು, ಆಮೇಲೆ ಕಪ್ಪು ಸಮುದ್ರದ ದಕ್ಷಿಣಕ್ಕೆ ಸರಿಯಬೇಕು.

ಮೂರನೆಯದು ಎಂಜಿನ್‌ಗಳ ಲೆಕ್ಕ. ಈಗಿನ ದೂರಪ್ರಯಾಣದ ವಿಮಾನಗಳಲ್ಲಿ ಹೆಚ್ಚಿನವಕ್ಕೆ ಎರಡೇ ಎಂಜಿನ್. ಒಂದು ನಿಂತುಹೋದರೂ ಇನ್ನೊಂದರ ಬಲದಲ್ಲಿ ನಿಗದಿತ ನಿಮಿಷಗಳೊಳಗೆ ಯಾವುದಾದರೂ ನಿಲ್ದಾಣ ತಲುಪುವಂತಿರಬೇಕು ಎಂಬುದು ನಿಯಮ. ಬೋಯಿಂಗ್ 777ಕ್ಕೆ ಈ ಮಿತಿ ಗರಿಷ್ಠ 330 ನಿಮಿಷದವರೆಗೆ ಸಿಕ್ಕಿದೆ. ಇಷ್ಟು ಸಡಿಲಿಕೆ ಇದ್ದರೂ ಪೆಸಿಫಿಕ್ ಸಾಗರದ ನಡುವೆ, ಧ್ರುವದ ಹತ್ತಿರ, ದಾರಿ ಗುರುತಿಸುವವರು ತುರ್ತಿಗೆ ಒದಗುವ ನಿಲ್ದಾಣಗಳನ್ನು ಮೊದಲೇ ಪಟ್ಟಿ ಮಾಡಿಕೊಂಡೇ ಗೆರೆ ಎಳೆಯುತ್ತಾರೆ.

ಗಾಳಿಯೇ ದೊಡ್ಡ ಲೆಕ್ಕ

ಇಲ್ಲಿಯವರೆಗೆ ಹೇಳಿದ್ದೆಲ್ಲ ದಾರಿಯ ಉದ್ದದ ವಿಷಯ. ಹಾರುವ ಹೊತ್ತನ್ನು ದಿನದಿಂದ ದಿನಕ್ಕೆ ಬದಲಿಸುವುದು ಮಾತ್ರ ಗಾಳಿ.

ದೊಡ್ಡ ವಿಮಾನವೊಂದು ಹಾರುವ ಎತ್ತರದಲ್ಲಿ ಅದರ ವೇಗ ಧ್ವನಿಯ ವೇಗದ ಸುಮಾರು ಶೇ 84ರಷ್ಟು, ಅಂದರೆ ಗಂಟೆಗೆ 900 ಕಿಲೋಮೀಟರಿನ ಆಸುಪಾಸು. ಈ ವೇಗ ನೆಲದ ಲೆಕ್ಕದಲ್ಲಿ ಅಲ್ಲ, ವಿಮಾನದ ಸುತ್ತಲಿನ ಗಾಳಿಯ ಲೆಕ್ಕದಲ್ಲಿ. ತುಂಬಿ ಹರಿಯುವ ಹೊಳೆಯಲ್ಲಿ ದೋಣಿ ಹುಟ್ಟುಹಾಕುವವನ ಸ್ಥಿತಿ ಇದು. ಅವನು ಅದೇ ಬಲದಿಂದ ಹುಟ್ಟುಹಾಕಿದರೂ ಹೊಳೆ ಹರಿಯುವ ಕಡೆಗೆ ಹೋದಾಗ ದಡದ ಮರಗಳು ಬೇಗ ಹಿಂದೆ ಸರಿಯುತ್ತವೆ, ಎದುರು ಹೋದಾಗ ನಿಧಾನವಾಗಿ ಸರಿಯುತ್ತವೆ. ವಿಮಾನವೂ ಗಾಳಿಯೆಂಬ ಹರಿವಿನೊಳಗೆ ಇದೆ. ನೆಲ ಅದರ ದಡ.

ಉತ್ತರ ಗೋಳಾರ್ಧದಲ್ಲಿ ಆ ಎತ್ತರದ ಗಾಳಿ ಬಹುಪಾಲು ಪಶ್ಚಿಮದಿಂದ ಪೂರ್ವಕ್ಕೆ ಬೀಸುತ್ತದೆ. ಉಷ್ಣವಲಯದ ಬಿಸಿ ಗಾಳಿಗೂ ಧ್ರುವದ ತಂಪು ಗಾಳಿಗೂ ನಡುವಿನ ವ್ಯತ್ಯಾಸ ಮತ್ತು ಭೂಮಿಯ ತಿರುಗುವಿಕೆ ಸೇರಿ ಅದನ್ನು ಕೆಲವು ಕಡೆ ಕಿರಿದಾದ, ಅತಿ ವೇಗದ ಪಟ್ಟಿಗಳಾಗಿ ಮಾಡುತ್ತವೆ. ಇವೇ ಜೆಟ್ ಸ್ಟ್ರೀಮ್‌ಗಳು. 1920ರ ದಶಕದಲ್ಲಿ ಜಪಾನಿನ ಹವಾಮಾನ ವಿಜ್ಞಾನಿ ವಾಸಾಬುರೊ ಓಯಿಶಿ ಆಕಾಶಕ್ಕೆ ಬಲೂನುಗಳನ್ನು ಹಾರಿಬಿಟ್ಟು ಅವುಗಳ ಚಲನೆಯನ್ನು ಗಮನಿಸಿ ಈ ಗಾಳಿಯನ್ನು ಗುರುತಿಸಿದರು. ಜಗತ್ತಿಗೆಲ್ಲ ತಿಳಿಯಲೆಂದು ತಮ್ಮ ವರದಿಯನ್ನು ಎಸ್ಪೆರಾಂಟೊ ಎಂಬ, ಎಲ್ಲ ದೇಶದವರಿಗೂ ಸಮಾನವಾಗಿರಲೆಂದು ರೂಪಿಸಿದ ಕೃತಕ ಭಾಷೆಯಲ್ಲಿ ಪ್ರಕಟಿಸಿದರು. ಆ ಭಾಷೆ ಬಲ್ಲವರು ಕಡಿಮೆ ಇದ್ದುದರಿಂದ ಅದು ಹೆಚ್ಚಿನವರ ಕಣ್ಣಿಗೆ ಬೀಳಲೇ ಇಲ್ಲ. ಅಷ್ಟು ಶ್ರದ್ಧೆಯ ಕೆಲಸಕ್ಕೆ ಹಾಗಾಯಿತಲ್ಲ ಎಂಬ ಬೇಸರ ನನಗೆ ಈಗಲೂ ಇದೆ. ಜಪಾನ್ ಮತ್ತು ಪೆಸಿಫಿಕ್ ಮೇಲಿನ ಈ ಗಾಳಿಪಟ್ಟಿಗಳು ಚಳಿಗಾಲದಲ್ಲಿ ಗಂಟೆಗೆ 300 ಕಿಲೋಮೀಟರ್ ಮೀರುವುದುಂಟು.

ಲೆಕ್ಕ ಮಾಡಿ ನೋಡೋಣ. 14,000 ಕಿಲೋಮೀಟರನ್ನು ಗಾಳಿಯೇ ಇಲ್ಲದೆ ಗಂಟೆಗೆ 900ರಂತೆ ಹಾರಿದರೆ 15 ಗಂಟೆ 33 ನಿಮಿಷ. ದಾರಿಯುದ್ದಕ್ಕೂ ಸರಾಸರಿ 60 ಕಿಲೋಮೀಟರ್ ವೇಗದ ಗಾಳಿ ಹಿಂದಿನಿಂದ ನೂಕಿದರೆ 14 ಗಂಟೆ 35 ನಿಮಿಷ. ಅದೇ ಗಾಳಿ ಎದುರಾದರೆ 16 ಗಂಟೆ 40 ನಿಮಿಷ. ಹೋಗುವಾಗ ಉಳಿದದ್ದು 58 ನಿಮಿಷ, ಬರುವಾಗ ಕಳೆದದ್ದು 67 ನಿಮಿಷ. ಎರಡೂ ಸಮವಾಗುವುದಿಲ್ಲ, ಏಕೆಂದರೆ ಎದುರುಗಾಳಿಯಲ್ಲಿ ವಿಮಾನ ಹೆಚ್ಚು ಹೊತ್ತು ಸಿಕ್ಕಿಕೊಂಡಿರುತ್ತದೆ.

ದಾರಿ ಉದ್ದವಾದರೂ ಹೊತ್ತು ಕಡಿಮೆಯಾಗುವ ಸೋಜಿಗವೂ ಇದರಿಂದಲೇ. ಏರ್ ಇಂಡಿಯಾದ ದೆಹಲಿ–ಸ್ಯಾನ್ ಫ್ರಾನ್ಸಿಸ್ಕೊ ವಿಮಾನ ಮೊದಲು ಪಶ್ಚಿಮಕ್ಕೆ ತಿರುಗಿ ಅಟ್ಲಾಂಟಿಕ್ ದಾಟಿ ಹೋಗುತ್ತಿತ್ತು. ಆ ದಾರಿ ಸುಮಾರು 13,900 ಕಿಲೋಮೀಟರ್. 2016ರ ಅಕ್ಟೋಬರ್‌ನಲ್ಲಿ ಅದು ಪೂರ್ವಕ್ಕೆ ತಿರುಗಿ ಪೆಸಿಫಿಕ್ ದಾಟಿ ಹಾರಿತು. ದಾರಿ 15,300 ಕಿಲೋಮೀಟರಿಗೆ ಬೆಳೆದರೂ ಹದಿನಾಲ್ಕೂವರೆ ಗಂಟೆಯಲ್ಲಿ ತಲುಪಿತು. ಹಳೆಯ ದಾರಿಗೆ ಅದಕ್ಕಿಂತ ಹೆಚ್ಚು ಹೊತ್ತು ಬೇಕಾಗಿತ್ತು. ಇದಕ್ಕೂ ಮೊದಲು, 2005ರ ನವೆಂಬರ್‌ನಲ್ಲಿ, ಬೋಯಿಂಗ್ 777-200ಎಲ್‌ಆರ್ ವಿಮಾನವೊಂದು ಹಾಂಗ್‌ಕಾಂಗ್‌ನಿಂದ ಲಂಡನ್‌ಗೆ ಪೂರ್ವ ದಿಕ್ಕಿನಲ್ಲೇ, ಪೆಸಿಫಿಕ್ ಮತ್ತು ಅಮೆರಿಕಗಳ ಮೇಲೆ, 21,602 ಕಿಲೋಮೀಟರ್ ಎಲ್ಲೂ ನಿಲ್ಲದೆ ಹಾರಿ ದಾಖಲೆ ಬರೆದಿತ್ತು. ತೆಗೆದುಕೊಂಡದ್ದು 22 ಗಂಟೆ 42 ನಿಮಿಷ.

ಅಮೆರಿಕದಿಂದ ಮರಳುವವರಿಗೆ ಈ ಗಾಳಿ ಎದುರಾಳಿ. ಪೆಸಿಫಿಕ್ ಮೇಲೆ ಪಶ್ಚಿಮಕ್ಕೆ ಹಾರಿದರೆ ಗಂಟೆಗಟ್ಟಲೆ ಅದರ ಜೊತೆ ಗುದ್ದಾಡಬೇಕು. ಅದನ್ನು ತಪ್ಪಿಸಲು ಇರುವ ಒಂದು ಉಪಾಯ ಉತ್ತರಕ್ಕೆ ಏರಿ ಜೆಟ್ ಸ್ಟ್ರೀಮ್‌ನ ಆಚೆಗೆ ಹೋಗುವುದು. 2021ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ಬಂದ ಏರ್ ಇಂಡಿಯಾದ ಮೊದಲ ನೇರ ವಿಮಾನ ಮಾಡಿದ್ದು ಅದನ್ನೇ. ಕ್ಯಾಪ್ಟನ್ ಜೋಯಾ ಅಗರ್ವಾಲ್ ನೇತೃತ್ವದಲ್ಲಿ ಮಹಿಳಾ ಪೈಲಟ್‌ಗಳೇ ನಡೆಸಿದ ಆ ವಿಮಾನ ಉತ್ತರ ಧ್ರುವದ ಮೇಲಿನಿಂದ ಹಾದು ಸುಮಾರು 17 ಗಂಟೆಗಳಲ್ಲಿ ದೇವನಹಳ್ಳಿಗೆ ಇಳಿಯಿತು. ಧ್ರುವದ ದಾರಿಗೆ ಅದರದೇ ಕಷ್ಟಗಳಿವೆ. ಹೊರಗಿನ ಚಳಿ ಶೂನ್ಯಕ್ಕಿಂತ 60 ಡಿಗ್ರಿ ಕೆಳಗೆ ಹೋಗಬಹುದು. ಅಮೆರಿಕದಲ್ಲಿ ತುಂಬಿಸುವ ಸಾಮಾನ್ಯ ವಿಮಾನ ಇಂಧನ ಶೂನ್ಯಕ್ಕಿಂತ 40 ಡಿಗ್ರಿ ಕೆಳಗೆ ಗಟ್ಟಿಯಾಗತೊಡಗುತ್ತದೆ. ಪೈಲಟ್‌ಗಳು ಟ್ಯಾಂಕಿನೊಳಗಿನ ಇಂಧನದ ಉಷ್ಣಾಂಶದ ಮೇಲೆ ಸದಾ ಕಣ್ಣಿಟ್ಟು, ತೀರಾ ತಣ್ಣಗಾದರೆ ಕೆಳಗಿಳಿದು ಬೆಚ್ಚಗಿನ ಗಾಳಿಗೆ ಬರಬೇಕಾಗುತ್ತದೆ.

ಭೂಮಿ ತಿರುಗುವುದರಿಂದಲ್ಲವೇ?

ಭೂಮಿ ಪಶ್ಚಿಮದಿಂದ ಪೂರ್ವಕ್ಕೆ ತಿರುಗುತ್ತಿದೆ, ಹಾಗಾಗಿ ಪಶ್ಚಿಮಕ್ಕೆ ಹೋಗುವ ವಿಮಾನಕ್ಕೆ ಊರೇ ಎದುರಿಗೆ ಬರಬೇಕು, ಬೇಗ ತಲುಪಬೇಕು ಎಂದು ಅನೇಕರು ಕೇಳುತ್ತಾರೆ. ಒಳ್ಳೆಯ ಪ್ರಶ್ನೆ. ದೇವನಹಳ್ಳಿಯ ರನ್‌ವೇ ಈ ಕ್ಷಣದಲ್ಲೂ ಗಂಟೆಗೆ ಸುಮಾರು 1,600 ಕಿಲೋಮೀಟರ್ ವೇಗದಲ್ಲಿ ಪೂರ್ವಕ್ಕೆ ಸಾಗುತ್ತಿದೆ. ಆದರೆ ಅದರ ಮೇಲಿನ ವಿಮಾನವೂ ಸುತ್ತಲಿನ ಗಾಳಿಯೂ ಅದೇ ವೇಗದಲ್ಲಿ ಜೊತೆಗೇ ಸಾಗುತ್ತಿವೆ. ನೆಲ ಬಿಟ್ಟೊಡನೆ ಆ ವೇಗ ಕಳೆದುಹೋಗುವುದಿಲ್ಲ. ಆದ್ದರಿಂದ ತಿರುಗುವಿಕೆಯಿಂದ ನೇರವಾಗಿ ಲಾಭವೂ ಇಲ್ಲ, ನಷ್ಟವೂ ಇಲ್ಲ. ಅದರ ಪ್ರಭಾವ ಬರುವುದು ಗಾಳಿಯ ಮೂಲಕ ಮಾತ್ರ.

ಇಂಧನದ ಭಾರ, ದೇವನಹಳ್ಳಿಯ ಎತ್ತರ

ಸುತ್ತುದಾರಿ ಹೆಚ್ಚಾದರೆ ಇಂಧನ ಹೆಚ್ಚು ತುಂಬಿಸಿಕೊಂಡರಾಯಿತು ಎನ್ನುವಂತಿಲ್ಲ. ಬೋಯಿಂಗ್ 777-200ಎಲ್‌ಆರ್ ವಿಮಾನದ ಟ್ಯಾಂಕುಗಳು ಸುಮಾರು 1,81,000 ಲೀಟರ್ ಹಿಡಿಯುತ್ತವೆ. ತೂಕದಲ್ಲಿ ಅದು 145 ಟನ್ನಿನ ಹತ್ತಿರ. ಆ ವಿಮಾನ ನೆಲ ಬಿಡುವಾಗ ಇರಬಹುದಾದ ಗರಿಷ್ಠ ತೂಕ ಸುಮಾರು 347 ಟನ್. ಅಂದರೆ ಐದರಲ್ಲಿ ಎರಡು ಪಾಲಿಗೂ ಹೆಚ್ಚು ಇಂಧನವೇ. ಆ ಇಂಧನವನ್ನು ಹೊತ್ತು ಹಾರುವುದಕ್ಕೂ ಇಂಧನ ಬೇಕು. ಕೊನೆಯ ಒಂದು ಗಂಟೆಗಾಗಿ ಒಯ್ಯುವ ಇಂಧನವನ್ನು ಹದಿನಾರು ಗಂಟೆ ಹೊರಬೇಕು. ದಾರಿ ಉದ್ದವಾದಂತೆ ಖರ್ಚು ಅದಕ್ಕಿಂತ ವೇಗವಾಗಿ ಏರುವುದು ಈ ಕಾರಣದಿಂದ.

ಇದರ ಮೇಲೆ ಸುರಕ್ಷತೆಯ ಇಂಧನವಿದೆ: ಅಂದಾಜು ತಪ್ಪಿದರೆಂದು ಒಂದಿಷ್ಟು, ಇಳಿಯುವ ಊರಿನಲ್ಲಿ ಮಂಜು ಕವಿದರೆ ಪಕ್ಕದ ನಿಲ್ದಾಣಕ್ಕೆ ಹೋಗಲೆಂದು ಒಂದಿಷ್ಟು, ಅದನ್ನೂ ಮೀರಿ ಕೊನೆಗೆ ಅರ್ಧ ಗಂಟೆ ಹಾರಲು ಬೇಕಾದಷ್ಟು. ಇದನ್ನು ಮುಟ್ಟುವಂತಿಲ್ಲ ಎಂದುಕೊಂಡೇ ಹೊರಡಬೇಕು.

ಬೆಂಗಳೂರಿಗೆ ವಿಶೇಷವಾದ ಒಂದು ಸಂಗತಿಯೂ ಇದೆ. ನಮ್ಮ ವಿಮಾನ ನಿಲ್ದಾಣ ಸಮುದ್ರಮಟ್ಟದಿಂದ ಸುಮಾರು 915 ಮೀಟರ್ ಎತ್ತರದಲ್ಲಿದೆ. ದೆಹಲಿಯದು ಸುಮಾರು 237 ಮೀಟರ್, ಮುಂಬೈಯದು ಸಮುದ್ರಮಟ್ಟಕ್ಕೆ ತೀರ ಹತ್ತಿರ. ಎತ್ತರ ಹೆಚ್ಚಿದಂತೆ ಗಾಳಿ ತೆಳುವಾಗುತ್ತದೆ, ಬಿಸಿಲೇರಿದರೆ ಇನ್ನೂ ತೆಳುವಾಗುತ್ತದೆ. ತೆಳು ಗಾಳಿ ರೆಕ್ಕೆಗೆ ಕಡಿಮೆ ಆಸರೆ ಕೊಡುತ್ತದೆ, ಎಂಜಿನ್ ಬಲವೂ ಇಳಿಯುತ್ತದೆ. ಅದೇ ತೂಕದ ವಿಮಾನ ಇಲ್ಲಿ ಹೆಚ್ಚು ದೂರ ಓಡಿ ಮೇಲೇಳಬೇಕು. ಇಲ್ಲಿನ ಎರಡೂ ರನ್‌ವೇಗಳು ತಲಾ 4,000 ಮೀಟರ್ ಉದ್ದವಿರುವುದು ಇದಕ್ಕೆ ನೆರವಾಗುತ್ತದೆ. ಆದರೂ ಬೇಸಿಗೆಯ ಮಧ್ಯಾಹ್ನ ಪೂರ್ತಿ ತುಂಬಿದ ವಿಮಾನವನ್ನು ಎತ್ತುವಾಗ ತೂಕದ ಮಿತಿ ಕಾಡಬಹುದು. ಆಗ ಆಯ್ಕೆಗಳು ಮೂರೇ: ಸರಕು ಕಡಿಮೆ ಮಾಡುವುದು, ಆಸನಗಳನ್ನು ಖಾಲಿ ಬಿಡುವುದು, ಇಲ್ಲವೇ ಕಡಿಮೆ ಇಂಧನದೊಂದಿಗೆ ಹೊರಟು ನಡುವೆ ಎಲ್ಲಾದರೂ ಇಳಿದು ತುಂಬಿಸಿಕೊಳ್ಳುವುದು. ಹಾಗೆ ಇಳಿದರೆ ಕೆಳಗಿಳಿಯುವುದು, ತುಂಬಿಸುವುದು, ಮತ್ತೆ ಏರುವುದು ಸೇರಿ ಪ್ರಯಾಣ ಗಂಟೆಗಳಷ್ಟು ಬೆಳೆಯುತ್ತದೆ.

ಟಿಕೆಟ್ ಹೇಳುವ ಹೊತ್ತು

ಟಿಕೆಟ್‌ನಲ್ಲಿ ಅಚ್ಚಾದ ಅವಧಿ ಗಾಳಿಯಲ್ಲಿ ಇರುವ ಹೊತ್ತಲ್ಲ. ವಿಮಾನ ತನ್ನ ಜಾಗದಿಂದ ಹಿಂದೆ ಸರಿದ ಕ್ಷಣದಿಂದ ಇನ್ನೊಂದು ಊರಿನಲ್ಲಿ ತನ್ನ ಜಾಗಕ್ಕೆ ಬಂದು ನಿಲ್ಲುವವರೆಗಿನ ಪೂರ್ತಿ ಹೊತ್ತು ಅದು. ರನ್‌ವೇವರೆಗೆ ಉರುಳುವುದು, ಸರದಿಯಲ್ಲಿ ಕಾಯುವುದು, ಇಳಿಯುವ ಮುನ್ನ ಸುತ್ತು ಹಾಕುವುದು ಎಲ್ಲವೂ ಇದರಲ್ಲಿ ಸೇರಿದೆ. ಸಣ್ಣ ಪ್ರಯಾಣದಲ್ಲಿ ಇದರ ಪಾಲು ಎದ್ದು ಕಾಣುತ್ತದೆ. ಬೆಂಗಳೂರಿನಿಂದ ದೆಹಲಿಗೆ ಸುಮಾರು 1,700 ಕಿಲೋಮೀಟರ್, ಗಂಟೆಗೆ 900ರ ಲೆಕ್ಕದಲ್ಲಿ ಎರಡು ಗಂಟೆಯೂ ಆಗಬಾರದು. ಟಿಕೆಟ್‌ನಲ್ಲಿ ಎರಡೂಮುಕ್ಕಾಲು ಗಂಟೆ ಇರುತ್ತದೆ.

ಮನೆಯಲ್ಲೇ ಅಂದಾಜು ಮಾಡಬೇಕೆನ್ನುವವರಿಗೆ ನಾನು ಹೇಳುವ ಲೆಕ್ಕ ಇದು: ಕಿಲೋಮೀಟರ್ ದೂರವನ್ನು 850ರಿಂದ ಭಾಗಿಸಿ, ಬಂದ ಗಂಟೆಗೆ ಮುಕ್ಕಾಲು ಗಂಟೆ ಸೇರಿಸಿ. ದೆಹಲಿಗೆ ಎರಡೂಮುಕ್ಕಾಲು, ಲಂಡನ್‌ಗೆ ಹತ್ತೂಕಾಲು, ಸ್ಯಾನ್ ಫ್ರಾನ್ಸಿಸ್ಕೊಗೆ ಹದಿನೇಳೂಕಾಲು ಬರುತ್ತದೆ. ಗಾಳಿ ಜೊತೆಗಿದ್ದರೆ ಇದಕ್ಕಿಂತ ಕಡಿಮೆ, ಎದುರಿಗಿದ್ದರೆ ಅಥವಾ ಸುತ್ತುದಾರಿ ಇದ್ದರೆ ಹೆಚ್ಚು. ದುಬೈ, ಫ್ರಾಂಕ್‌ಫರ್ಟ್, ಸಿಂಗಪುರಗಳಲ್ಲಿ ವಿಮಾನ ಬದಲಿಸುವವರು ಎರಡು ಹಾರಾಟಗಳ ಹೊತ್ತಿಗೆ ನಡುವಿನ ಕಾಯುವಿಕೆಯನ್ನೂ ಕೂಡಿಸಬೇಕು. ಇಪ್ಪತ್ತೆರಡು ಗಂಟೆಯ ಟಿಕೆಟ್ ಬರುವುದು ಹೀಗೆ. ವಯಸ್ಸಾದವರಿಗೆ ಟಿಕೆಟ್ ಕೊಳ್ಳುವಾಗ ಬರೀ ಒಟ್ಟು ಗಂಟೆ ನೋಡುವುದು ಸಾಲದು. ನಡುವೆ ಎರಡು ಮೂರು ಗಂಟೆ ಕಾಲಾಡಿಸಲು ಸಿಗುವ ಪ್ರಯಾಣವೇ ಕೆಲವರ ಮೊಣಕಾಲಿಗೆ ಹಿತ.

ಹೋಲಿಕೆಗೆ ಇರಲಿ: ನಿಯಮಿತವಾಗಿ ಹಾರುವ ಅತಿ ದೂರದ ನೇರ ವಿಮಾನ ಸಿಂಗಪುರ–ನ್ಯೂಯಾರ್ಕ್ ನಡುವಿನದು. ಸುಮಾರು 15,350 ಕಿಲೋಮೀಟರ್, ಹದಿನೆಂಟು ಗಂಟೆಗೂ ಮೇಲೆ.

ಗಡಿಯಾರ ಮತ್ತು ದಿನಾಂಕ

ಹೆಚ್ಚಿನ ಮನೆಗಳಲ್ಲಿ ನಿಜವಾದ ಗಲಿಬಿಲಿ ಆಗುವುದು ಇಲ್ಲಿ. ಟಿಕೆಟ್‌ನಲ್ಲಿ ಹೊರಡುವ ಸಮಯ ಹೊರಡುವ ಊರಿನದು, ತಲುಪುವ ಸಮಯ ತಲುಪುವ ಊರಿನದು. ಒಂದರಿಂದ ಇನ್ನೊಂದನ್ನು ಕಳೆದರೆ ಹಾರುವ ಹೊತ್ತು ಸಿಗುವುದಿಲ್ಲ.

ಸ್ಯಾನ್ ಫ್ರಾನ್ಸಿಸ್ಕೊ ನಮಗಿಂತ ಚಳಿಗಾಲದಲ್ಲಿ ಹದಿಮೂರೂವರೆ ಗಂಟೆ ಹಿಂದೆ, ಬೇಸಿಗೆಯಲ್ಲಿ ಹನ್ನೆರಡೂವರೆ ಗಂಟೆ ಹಿಂದೆ. ಅಲ್ಲಿ ಮಾರ್ಚ್ ತಿಂಗಳ ಎರಡನೇ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ಇಡುತ್ತಾರೆ, ನವೆಂಬರ್ ಮೊದಲ ಭಾನುವಾರ ಹಿಂದಕ್ಕೆ ತರುತ್ತಾರೆ. ಭಾರತದಲ್ಲಿ ಈ ಪದ್ಧತಿ ಇಲ್ಲ.

ಬೇಸಿಗೆಯ ಒಂದು ಮಂಗಳವಾರ ಮಧ್ಯಾಹ್ನ 2 ಗಂಟೆಗೆ ಬೆಂಗಳೂರು ಬಿಟ್ಟು 16 ಗಂಟೆ ಹಾರಿದಿರಿ ಎಂದುಕೊಳ್ಳಿ. ನಿಮ್ಮ ಕೈಗಡಿಯಾರದಲ್ಲಿ ಆಗ ಬುಧವಾರ ಬೆಳಗಿನ 6 ಗಂಟೆ. ಅದರಿಂದ ಹನ್ನೆರಡೂವರೆ ಕಳೆದರೆ ಅಲ್ಲಿ ಮಂಗಳವಾರ ಸಂಜೆ 5.30. ಹದಿನಾರು ಗಂಟೆ ಪ್ರಯಾಣ ಮಾಡಿದರೂ ದಿನ ಕಳೆದೇ ಇಲ್ಲ. ಬರುವಾಗ ಇದೆಲ್ಲ ತಿರುಗುಮುರುಗು. 2021ರ ಆ ಮೊದಲ ನೇರ ವಿಮಾನ ಅಲ್ಲಿ ಶನಿವಾರ ರಾತ್ರಿ ಹೊರಟು ಇಲ್ಲಿಗೆ ಬಂದದ್ದು ಸೋಮವಾರ ನಸುಕಿನಲ್ಲಿ. ಅದರಲ್ಲಿದ್ದವರ ಪಾಲಿಗೆ ಭಾನುವಾರ ಬಹುಪಾಲು ಆಕಾಶದಲ್ಲೇ ಮುಗಿದಿತ್ತು.

ಹೀಗಾಗಿ ಬರುವವರನ್ನು ಕರೆತರಲು ಹೋಗುವವರು ದಿನಾಂಕವನ್ನು ಎರಡು ಬಾರಿ ನೋಡಬೇಕು. ಮಗಳು ಬೇಸಿಗೆಯಲ್ಲಿ ಅಲ್ಲಿಂದ ಗುರುವಾರ ರಾತ್ರಿ 9ಕ್ಕೆ ಹೊರಟರೆ ಆಗ ಇಲ್ಲಿ ಶುಕ್ರವಾರ ಬೆಳಿಗ್ಗೆ 9.30. ಹದಿನೇಳು ಗಂಟೆ ಕೂಡಿಸಿದರೆ ದೇವನಹಳ್ಳಿಗೆ ಇಳಿಯುವುದು ಶನಿವಾರ ನಸುಕಿನ 2.30ಕ್ಕೆ. ಟಿಕೆಟ್‌ನಲ್ಲಿ ಶನಿವಾರ ಎಂದೇ ಇರುತ್ತದೆ. ಅದನ್ನು ನೋಡಿ ಶನಿವಾರ ರಾತ್ರಿ ಕಾರು ಹತ್ತಿದರೆ ಅವಳು ಬಂದು ಹೆಚ್ಚುಕಡಿಮೆ ಒಂದು ದಿನವೇ ಆಗಿರುತ್ತದೆ. ಮನೆ ಬಿಡಬೇಕಾದದ್ದು ಶುಕ್ರವಾರ ರಾತ್ರಿ, ಊಟ ಮುಗಿಸಿ. ವಿಮಾನ ಇಳಿದ ಮೇಲೆ ಪಾಸ್‌ಪೋರ್ಟ್ ತಪಾಸಣೆ, ಸಾಮಾನು ಬರುವುದು ಎಲ್ಲ ಮುಗಿದು ಅವಳು ಹೊರಬರಲು ಮುಕ್ಕಾಲು ಗಂಟೆಯಿಂದ ಒಂದೂವರೆ ಗಂಟೆಯವರೆಗೆ ಹಿಡಿಯಬಹುದು. ಹೊರಡುವ ಮೊದಲು ವಿಮಾನದ ಸಂಖ್ಯೆ ಹಾಕಿ ಅದು ಎಲ್ಲಿದೆ ಎಂದು ಮೊಬೈಲ್‌ನಲ್ಲಿ ನೋಡಿಕೊಳ್ಳಿ. ಗಾಳಿ ಅನುಕೂಲವಿದ್ದ ದಿನ ಅದು ಹೇಳಿದ ಸಮಯಕ್ಕಿಂತ ಅರ್ಧ ಗಂಟೆ ಮೊದಲೇ ಇಳಿದಿರುವುದೂ ಉಂಟು.